ಗಾಡಿ ಬಿಟ್ಟು ತಂದ ಲೆನ್ಸ್

ಗೋರ್ಟ್ಸ್ ರೆಡ್ ಡಾಟ್ ಆರ್ಟಾರ್, 42 ಇಂಚು, ಎಫ್/14. ಹುಬ್ಬಳ್ಳಿಯ ಮುಚ್ಚಿಹೋದ ಛಾಪಖಾನೆಯೊಂದರಲ್ಲಿ ಇಂಥದ್ದೊಂದು ಲೆನ್ಸ್ ಇದೆ ಎಂದು ಗೊತ್ತಾದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. 42 ಇಂಚು ಅದರ ಫೋಕಲ್ ಲೆಂತ್, ಅಂದರೆ 1067 ಮಿಲಿಮೀಟರ್. ದೂರದ ಗುಡ್ಡದ ಬಿಂಬ ಈ ಲೆನ್ಸಿನ ಬೆನ್ನಿಗೆ ಮೂರೂವರೆ ಅಡಿ ಆಚೆ ಮೂಡುತ್ತದೆ. ಹಾಗಾಗಿ ಅದಕ್ಕೆ ಕಟ್ಟುವ ಕ್ಯಾಮೆರಾ ಕನಿಷ್ಠ ಅಷ್ಟು ಉದ್ದವಿರಬೇಕು. ಆ ಲೆಕ್ಕ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ತಪ್ಪಿದ್ದು ಎಲ್ಲಿ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

8×10 ಇಂಚಿಗಿಂತ ದೊಡ್ಡ ಫಿಲ್ಮ್ ಹಾಕುವ ಕ್ಯಾಮೆರಾಗಳಿಗೆ ಅಲ್ಟ್ರಾ ಲಾರ್ಜ್ ಫಾರ್ಮ್ಯಾಟ್ ಎನ್ನುತ್ತಾರೆ. 11×14, 14×17, 20×24, ಜೊತೆಗೆ ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ಔತಣಕೂಟಗಳಲ್ಲಿ ನೂರಾರು ಮುಖಗಳನ್ನು ಒಂದೇ ಪಟದಲ್ಲಿ ಹಿಡಿಯುತ್ತಿದ್ದ 7×17 ಮತ್ತು 12×20. ಇಷ್ಟು ದೊಡ್ಡ ನೆಗೆಟಿವನ್ನು ಸಾಮಾನ್ಯವಾಗಿ ಹಿಗ್ಗಿಸುವುದಿಲ್ಲ. ಕಾಗದದ ಮೇಲೆ ನೇರವಾಗಿ ಒತ್ತಿಟ್ಟು ಬೆಳಕು ಕೊಡುತ್ತಾರೆ. ನೆಗೆಟಿವ್ ಎಷ್ಟು ದೊಡ್ಡದೋ ಪಟ ಅಷ್ಟೇ ದೊಡ್ಡದು. ಒಮ್ಮೆ ಅಂಥ ಪಟವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಬೇರೆ ಪಟಗಳು ತೆಳುವಾಗಿ ಕಾಣತೊಡಗುತ್ತವೆ. ನನಗೆ ಹಾಗಾಯಿತು.

ನಾನು ಆರಿಸಿಕೊಂಡದ್ದು 14×17. ಕಾರಣ ಸರಳ. ಎದೆಯ ಎಕ್ಸ್‌ರೇ ಫಿಲ್ಮಿನ ಅಳತೆ ಅದೇ. ವೈದ್ಯಕೀಯ ಸಾಮಾನಿನ ಅಂಗಡಿಯಲ್ಲಿ ಪೆಟ್ಟಿಗೆಗಟ್ಟಲೆ ಸಿಗುತ್ತದೆ, ಛಾಯಾಗ್ರಹಣದ ಫಿಲ್ಮಿಗೆ ಹೋಲಿಸಿದರೆ ಬೆಲೆ ತೀರಾ ಕಡಿಮೆ, ಕೆಂಪು ದೀಪದ ಕೆಳಗೆ ಕಣ್ಣಾರೆ ನೋಡುತ್ತ ಡೆವಲಪ್ ಮಾಡಬಹುದು. 14×17ರ ಕರ್ಣ ಸರಿಸುಮಾರು 22 ಇಂಚು. ಆ ಅಳತೆಗೆ 22 ಇಂಚಿನ ಲೆನ್ಸೇ ಸಾಧಾರಣ ನೋಟದ್ದು. ದೂರದ ಗುಡ್ಡವನ್ನು ಹತ್ತಿರಕ್ಕೆ ಎಳೆದುಕೊಳ್ಳಬೇಕಾದರೆ ಅದರ ಎರಡು ಪಟ್ಟು ಉದ್ದದ್ದು ಬೇಕು.

ಅಂಥ ಲೆನ್ಸುಗಳನ್ನು ಛಾಯಾಗ್ರಾಹಕರಿಗೆಂದೇ ಮಾಡಿದವರು ಬಹಳ ಕಡಿಮೆ. ಜರ್ಮನಿಯ ಷ್ನೈಡರ್ ಕಂಪನಿ ಈ ಶತಮಾನದಲ್ಲಿ ಫೈನ್ ಆರ್ಟ್ ಎಕ್ಸ್‌ಎಕ್ಸ್‌ಎಲ್ ಎಂಬ ಹೆಸರಿನಲ್ಲಿ 550 ಮತ್ತು 1100 ಮಿಲಿಮೀಟರಿನ ಎರಡನ್ನು ತಂದಿತು. ಅವು ನಮ್ಮಂಥವರ ಕೈಗೆ ಎಟಕುವಂಥವಲ್ಲ. ಉಳಿದವೆಲ್ಲ ಹೆಚ್ಚಾಗಿ ಮುದ್ರಣಾಲಯಗಳಿಂದ ಬಂದವು: ಆರ್ಟಾರ್, ರೋಡೆನ್‌ಸ್ಟಾಕಿನ ಅಪೊ-ರೊನಾರ್, ನಿಕಾನಿನ ಅಪೊ-ನಿಕ್ಕೋರ್. ಆಫ್‌ಸೆಟ್ ಮುದ್ರಣದಲ್ಲಿ ಚಿತ್ರ, ಅಕ್ಷರ ಎಲ್ಲವನ್ನೂ ಮೊದಲು ಪ್ರೊಸೆಸ್ ಕ್ಯಾಮೆರಾದಲ್ಲಿ ಫಿಲ್ಮಿಗೆ ಇಳಿಸಬೇಕಿತ್ತು. ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿ ಫಿಲ್ಟರುಗಳಲ್ಲಿ ಬೇರೆ ಬೇರೆ ನೆಗೆಟಿವ್. ಆ ನೆಗೆಟಿವುಗಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಒಂದೇ ಅಳತೆಯಲ್ಲಿ ಬರದಿದ್ದರೆ ಕ್ಯಾಲೆಂಡರಿನ ಲಕ್ಷ್ಮಿಯ ತುಟಿಯ ಬಣ್ಣ ಗಲ್ಲಕ್ಕೆ ಇಳಿಯುತ್ತದೆ. ಎಲ್ಲ ಬಣ್ಣದ ಬೆಳಕನ್ನೂ ಒಂದೇ ಅಳತೆಗೆ ತಂದು ನಿಲ್ಲಿಸುವ ಈ ಶಿಸ್ತಿಗಾಗಿ, ಬರ್ಲಿನ್ನಿನ ಗೋರ್ಟ್ಸ್ ಕಾರ್ಖಾನೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆರ್ಟಾರ್ ರೂಪುಗೊಂಡಿತು. ನಡುವೆ ಗಾಳಿ ಬಿಟ್ಟು ಎದುರುಬದುರಾಗಿ ಜೋಡಿಸಿದ ನಾಲ್ಕು ಗಾಜು, ಅಷ್ಟೇ. ಅದರ ಅಮೆರಿಕದ ಶಾಖೆ ಮುಂದೆ ಸ್ವತಂತ್ರ ಕಂಪನಿಯಾಗಿ ದಶಕಗಳ ಕಾಲ ಇದನ್ನು ಮಾಡಿ ಮಾರಿತು. ಸ್ಕ್ಯಾನರ್, ಕಂಪ್ಯೂಟರ್ ಬಂದ ಮೇಲೆ ಪ್ರೊಸೆಸ್ ಕ್ಯಾಮೆರಾಗಳು ಎಲ್ಲ ಊರುಗಳಲ್ಲೂ ಗುಜರಿಗೆ ಹೋದವು. ಲೆನ್ಸುಗಳು ಮಾತ್ರ ಅಲ್ಲೊಂದು ಇಲ್ಲೊಂದು ಉಳಿದವು.

ಹುಬ್ಬಳ್ಳಿಯ ಆ ಛಾಪಖಾನೆ ಒಂದು ಕಾಲಕ್ಕೆ ಗೋಡೆ ಕ್ಯಾಲೆಂಡರಿಗೆ ಹೆಸರಾಗಿತ್ತು. ಅದರ ಕ್ಯಾಮೆರಾ ಒಂದು ಕೋಣೆಯಲ್ಲಿ ಇರಲಿಲ್ಲ, ಎರಡು ಕೋಣೆಯಲ್ಲಿತ್ತು. ನಡುಗೋಡೆಯನ್ನು ಕೊರೆದು ಕೂರಿಸಿದ್ದರು. ಫಿಲ್ಮ್ ಹಾಕುವ ಬೆನ್ನು ಡಾರ್ಕ್‌ರೂಮಿನ ಒಳಗೆ, ಲೆನ್ಸು ಮತ್ತು ಮೂಲಚಿತ್ರ ಹಚ್ಚುವ ಕಾಪಿ ಬೋರ್ಡು ಹೊರಗಿನ ಕೋಣೆಯಲ್ಲಿ. ನೆಲದ ಮೇಲೆ ಉದ್ದಕ್ಕೂ ಉಕ್ಕಿನ ಹಳಿ. ಹಳಿಯ ಮೇಲೆ ಉರುಳುವ ಎರಡು ಚೌಕಟ್ಟು, ಒಂದಕ್ಕೆ ಲೆನ್ಸು, ಇನ್ನೊಂದಕ್ಕೆ ಬೋರ್ಡು. ಮಡಚಿದರೆ ಒಂದು ಗೇಣು, ಹಿಗ್ಗಿಸಿದರೆ ಆಳುದ್ದ ಮೀರುವ ಕಪ್ಪು ಬೆಲ್ಲೋಸ್. ಹಳಿಯ ಪಕ್ಕದಲ್ಲಿ ಅಂಕಿ ಕೊರೆದ ಎರಡು ಉಕ್ಕಿನ ಪಟ್ಟಿ. ಡಾರ್ಕ್‌ರೂಮಿನ ಕಡೆಗೆ ಸಣ್ಣ ಸಣ್ಣ ತೂತುಗಳ ಒಂದು ಬಾಗಿಲು. ಪಂಪು ಹಚ್ಚಿದರೆ ಗಾಳಿ ಎಳೆದು ಫಿಲ್ಮನ್ನು ಸಪಾಟಾಗಿ ಹಿಡಿದಿಟ್ಟುಕೊಳ್ಳುತ್ತಿತ್ತು.

ಮಾಲೀಕರ ಮಗ ಜಾಗ ಖಾಲಿ ಮಾಡುವ ಅವಸರದಲ್ಲಿದ್ದರು. ಇಡೀ ಕ್ಯಾಮೆರಾವನ್ನು ಕಬ್ಬಿಣದ ತೂಕದ ಬೆಲೆಗೆ ಒಯ್ಯಿರಿ, ಲೆನ್ಸಿಗೆ ಮೇಲೆ ಇಷ್ಟು ಕೊಡಿ ಎಂದರು. ನನಗೆ ಲೆನ್ಸ್ ಮಾತ್ರ ಸಾಕು ಎಂದೆ. ಮೂವತ್ತು ವರ್ಷ ಅದೇ ಕ್ಯಾಮೆರಾ ನಡೆಸಿದ ಹಿರಿಯರು ಅಂದು ಬೀಗದ ಕೈ ಹಿಡಿದು ಬಂದಿದ್ದರು. ನಾನು ಸ್ಪ್ಯಾನರ್ ಹಾಕಿ ಬಳೆ ತಿರುಗಿಸುವುದನ್ನು ಅವರು ಸ್ವಲ್ಪ ಹೊತ್ತು ನೋಡಿದರು.

“ಬರೇ ಲೆನ್ಸ್ ಬಿಚ್ಚಿಕೊಂಡು ಹೊಂಟಿಯೇನ್ ತಮ್ಮಾ? ಗಾಡಿ ಬ್ಯಾಡೇನು?”

“ಇಡಾಕ ಜಾಗಾ ಇಲ್ಲ ಕಾಕಾ,” ಅಂದೆ.

ಆ ಮಾತು ಪೂರ್ತಿ ನಿಜವಾಗಿರಲಿಲ್ಲ. ಧಾರವಾಡದ ನಮ್ಮ ಹಳೆಯ ಮನೆಯ ಹಿಂದೆ ಖಾಲಿ ಬಿದ್ದ ಪಡಸಾಲೆಯೊಂದಿತ್ತು. ನಿಜವೆಂದರೆ ಆ ಕಬ್ಬಿಣ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಜಗತ್ತಿನ ಸಂಗ್ರಾಹಕರು ಹುಡುಕುವ ವಸ್ತು ನನ್ನ ಕೈಯಲ್ಲಿತ್ತು. ಅದನ್ನು ಹಿಡಿದುಕೊಂಡಿದ್ದ ಉಳಿದ ಭಾಗವೆಲ್ಲ ನನಗೆ ಬರೀ ಸ್ಟ್ಯಾಂಡು. ಕಾಕಾ ಇನ್ನೇನೋ ಹೇಳಲು ಬಂದರು. ನಾನು ಲೆನ್ಸಿಗೆ ಬಟ್ಟೆ ಸುತ್ತುವುದರಲ್ಲಿದ್ದೆ.

ಮನೆಯಲ್ಲಿ ಕ್ಯಾಮೆರಾ ಕಟ್ಟಿದೆ. ಬಡಿಗೇರ ಗೆಳೆಯನೊಬ್ಬ ಸಾಗುವಾನಿ ಚೌಕಟ್ಟು ಮಾಡಿಕೊಟ್ಟ. ಕಪ್ಪು ರೆಕ್ಸಿನ್, ಒಳಗೆ ಕಪ್ಪು ಅಸ್ತರಿ, ನಡುವೆ ರಟ್ಟಿನ ಪಟ್ಟಿ ಅಂಟಿಸಿ ಬೆಲ್ಲೋಸ್ ಮಾಡಿದೆವು. 48 ಇಂಚು ಎಳೆಯುವಂತೆ ಮಾಡಿದ್ದೆ. ದೂರದ ನೋಟಕ್ಕೆ 42 ಸಾಕು, ಆರು ಇಂಚು ಹೆಚ್ಚಿಗೆ ಇರಲಿ ಎಂದು. ಉದ್ದದ ಬೆಲ್ಲೋಸ್ ನಡುವೆ ಜೋತುಬೀಳುತ್ತದೆ, ಜೋತುಬಿದ್ದರೆ ಬಿಂಬದ ಒಂದು ಅಂಚನ್ನೇ ನುಂಗುತ್ತದೆ ಎಂಬುದು ಮೊದಲ ನೆಗೆಟಿವಿನಲ್ಲಿ ಗೊತ್ತಾಯಿತು. ಮೇಲಿನಿಂದ ದಾರ ಕಟ್ಟಿ ಎತ್ತಿ ಹಿಡಿದೆ.

ನಾನು ತೆಗೆಯಬೇಕೆಂದುಕೊಂಡದ್ದು ಗದಗಿನ ಕಪ್ಪತಗುಡ್ಡವನ್ನು. ಒಂದರ ಹಿಂದೆ ಒಂದು ಏಳುವ ಆ ಬೆನ್ನುಗಳನ್ನು ಉದ್ದ ಲೆನ್ಸು ಒತ್ತಟ್ಟಿಗೆ ತಂದು ನಿಲ್ಲಿಸುತ್ತದೆ, 17 ಇಂಚಿನ ಕಾಗದದ ಮೇಲೆ ಪ್ರತಿ ಕುರುಚಲು ಗಿಡವೂ ಎಣಿಸಿದಂತೆ ಬರುತ್ತದೆ ಎಂದು ಕನಸು ಕಂಡಿದ್ದೆ. ಗಾಳಿ ವಿದ್ಯುತ್ತಿಗಾಗಿ ಆರಿಸಿದ ಗುಡ್ಡ ಅದು. ಸಾಲು ಸಾಲು ಗಾಳಿಯಂತ್ರಗಳು ಅಲ್ಲಿ ನಿಂತಿರುವುದು ಅಲ್ಲಿಯ ಗಾಳಿ ಅಷ್ಟು ನೆಚ್ಚಿಗೆಯದು ಎಂಬ ಕಾರಣಕ್ಕೆ. ಅಂಥ ಜಾಗಕ್ಕೆ ನಾನು ಮೂರೂವರೆ ಅಡಿ ಉದ್ದದ ಬಟ್ಟೆಯ ಪೆಟ್ಟಿಗೆ ಹೊತ್ತುಕೊಂಡು ಹೋದೆ.

ಈ ಲೆನ್ಸಿಗೆ ಶಟರ್ ಇಲ್ಲ. ಮುಚ್ಚಳ ತೆಗೆದು, ಎಣಿಸಿ, ಮುಚ್ಚಬೇಕು. ಕ್ಯಾಮೆರಾದ ಬೆನ್ನಿನ ಗಾಜಿನ ಮೇಲೆ ಬಿಂಬ ನೋಡಲು ಗರಿಷ್ಠ ತೆರಪೇ ಎಫ್/14. ಕಪ್ಪು ಬಟ್ಟೆ ಹೊದ್ದು ಕಣ್ಣು ಕತ್ತಲೆಗೆ ಒಗ್ಗುವವರೆಗೆ ಕಾದರೆ ಮಸುಕಾಗಿ ಏನೋ ಕಾಣುತ್ತದೆ. ಇಡೀ ನೋಟ ಸ್ಪಷ್ಟವಾಗಬೇಕೆಂದು ಎಫ್/64ಕ್ಕೆ ಇಳಿಸಿದರೂ, ಒತ್ತುಪಟದ ಅಂದಾಜಿನಲ್ಲಿ ಸುಮಾರು 45 ಮೀಟರಿಗಿಂತ ಹತ್ತಿರದ್ದೆಲ್ಲ ಕಲಸಿಹೋಗುತ್ತದೆ. ಕಾಲ ಬುಡದ ಬಂಡೆಯಿಂದ ದಿಗಂತದವರೆಗೆ ಎಂಬ ನನ್ನ ಕನಸು ಆ ಲೆಕ್ಕದಲ್ಲೇ ಮುಗಿದಿತ್ತು. ಬೆಳಗಿನ ಎಳೆ ಬೆಳಕಿಗೆ ಹಲವು ಸೆಕೆಂಡಿನ ಎಕ್ಸ್‌ಪೋಶರ್ ಬೇಕು. ಅಷ್ಟರಲ್ಲಿ ಬೆಲ್ಲೋಸ್ ಹಾಯಿಪಟದಂತೆ ಗಾಳಿ ತುಂಬಿಕೊಳ್ಳುತ್ತಿತ್ತು, ಲೆನ್ಸಿನ ಹಲಗೆ ನಡುಗುತ್ತಿತ್ತು. ಇಷ್ಟು ಉದ್ದದ ಲೆನ್ಸಿಗೆ ಮಿಲಿಮೀಟರಿನ ಅಲುಗಾಟ ಸಾಕು, ಗುಡ್ಡದ ಅಂಚು ಎರಡಾಗುತ್ತದೆ.

ಗಾಳಿ ಬಿದ್ದ ಕೆಲವು ಮುಂಜಾನೆಗಳು ಸಿಕ್ಕವು. ಆಗ ಎದುರಾದದ್ದು ನಾನು ಯೋಚಿಸಿಯೇ ಇರದ ತೊಡಕು. ನೆಗೆಟಿವಿನಲ್ಲಿ ಅಲುಗಾಟವಿರಲಿಲ್ಲ, ಗುಡ್ಡವೂ ಇರಲಿಲ್ಲ. ಒತ್ತಿ ತೆಗೆದ ಪಟದಲ್ಲಿ ಆಕಾಶ ಎಷ್ಟು ಬಿಳುಪೋ ಗುಡ್ಡ ಅಷ್ಟೇ ಬಿಳುಪು. ಎಕ್ಸ್‌ರೇ ಫಿಲ್ಮಿಗೆ ಕೆಂಪು ಬೆಳಕು ಕಾಣುವುದಿಲ್ಲ. ನೀಲಿ ಕಾಣುತ್ತದೆ, ಕೆಲವು ಬಗೆಗೆ ಹಸಿರೂ ಕಾಣುತ್ತದೆ. ಗುಡ್ಡಕ್ಕೂ ನಮಗೂ ನಡುವೆ ಇರುವ ಕಿಲೋಮೀಟರುಗಟ್ಟಲೆ ಗಾಳಿ ಚದುರಿಸುವುದು ಹೆಚ್ಚಾಗಿ ಆ ನೀಲಿಯನ್ನೇ. ಗಾಳಿಯ ಕಣಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗದ ಉದ್ದದ ನಾಲ್ಕನೆಯ ಘಾತಕ್ಕೆ ವಿಲೋಮ. 650 ನ್ಯಾನೊಮೀಟರಿನ ಕೆಂಪಿಗಿಂತ 450ರ ನೀಲಿ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ನನ್ನ ಕಣ್ಣಿಗೆ ಗುಡ್ಡ ಕಂಡರೂ ಫಿಲ್ಮಿಗೆ ಕಂಡದ್ದು ನಡುವಿನ ಗಾಳಿ. ಲೆನ್ಸು ಉದ್ದವಾದಷ್ಟೂ ನಾನು ಹೆಚ್ಚು ಗಾಳಿಯ ಮೂಲಕ ನೋಡುತ್ತಿದ್ದೆ. ಹಳದಿ ಫಿಲ್ಟರ್ ಹಾಕಿದೆ. ನೀಲಿ ಹೋಯಿತು, ಜೊತೆಗೆ ಫಿಲ್ಮಿನ ಬಹುಪಾಲು ಶಕ್ತಿಯೂ ಹೋಯಿತು. ಎಕ್ಸ್‌ಪೋಶರ್ ಇನ್ನಷ್ಟು ಉದ್ದವಾಯಿತು, ಅಷ್ಟರಲ್ಲಿ ಗಾಳಿ ಏಳುತ್ತಿತ್ತು.

ಇದು ಹೊಸ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದ ಒದ್ದೆ ಗಾಜುಫಲಕಗಳಿಗೂ ನೀಲಿಯೇ ಎಲ್ಲ. ಆ ಕಾಲದ ಪಟಗಳಲ್ಲಿ ಆಕಾಶ ಬರೀ ಬಿಳಿ ಹಾಳೆಯಾಗಿರುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ. 1860ರ ದಶಕದಲ್ಲಿ ದೊಡ್ಡ ಗಾಜುಫಲಕಗಳನ್ನು ಹಿಮಾಲಯಕ್ಕೆ ಹೊರಿಸಿಕೊಂಡು ಹೋದ ಸ್ಯಾಮ್ಯುಯೆಲ್ ಬೋರ್ನ್ ತೆಗೆದ ಪಟಗಳ ಬಗ್ಗೆ ಗೆಳೆಯರಿಗೆ ಭಾಷಣ ಮಾಡಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ.

ಆಗ ಮಾಡಿದ್ದು ನನ್ನನ್ನು ಹೆಚ್ಚು ನಾಚಿಸುತ್ತದೆ. ಲೆನ್ಸಿನ ಮೇಲೆ ಅನುಮಾನಪಟ್ಟೆ. ಮುದ್ರಣಾಲಯದವರು ಎಂದೋ ಬಿಚ್ಚಿ ಗಾಜು ತಿರುವುಮುರುವು ಜೋಡಿಸಿರಬೇಕು ಎಂದುಕೊಂಡೆ, ನಾಲ್ಕಾರು ಜನರ ಮುಂದೆ ಹಾಗೆಂದು ಹೇಳಿಯೂ ಬಿಟ್ಟೆ. ಮೂವತ್ತು ವರ್ಷ ಆ ಗಾಜನ್ನು ಕಾದವರ ಮೇಲೆ, ಅವರ ಬೆನ್ನ ಹಿಂದೆ, ಯಾವ ಆಧಾರವೂ ಇಲ್ಲದೆ ಹೊರಿಸಿದ ಮಾತು ಅದು.

ಕೆಲಸ ಕೆಟ್ಟರೂ ಕಾಕಾ ಅವರ ಒಂದು ದೊಡ್ಡ ಭಾವಚಿತ್ರ ತೆಗೆದುಕೊಡಬೇಕು ಎಂಬ ಆಸೆ ಮೊದಲಿನಿಂದ ಇತ್ತು. ಅವರು ನಡೆಸಿದ ಲೆನ್ಸಿನಲ್ಲೇ ಅವರ ಮುಖ. ಹೇಳಿ ಕಳಿಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೊಪ್ಪಿಗೆ ಹಾಕಿಕೊಂಡು ತಮ್ಮ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದರು. ಹತ್ತಡಿ ದೂರದಲ್ಲಿ ಕ್ಯಾಮೆರಾ ನಿಲ್ಲಿಸಿ ಬಟ್ಟೆಯೊಳಗೆ ತಲೆ ಹಾಕಿದೆ. ಬೆಲ್ಲೋಸ್ ಪೂರ್ತಿ ಎಳೆದರೂ ಮುಖ ಕೂಡಿಬರಲಿಲ್ಲ. ಹಿಂದೆ ಸರಿದೆ. ಇನ್ನೂ ಸರಿದೆ. ಬೆನ್ನಿಗೆ ಕಾಂಪೌಂಡು ತಾಗಿತು.

“ಎಷ್ಟು ಎಳೀತೈತಿ ನಿನ್ನ ಬೆಲ್ಲೋಸು?”

“ನಲವತ್ತೆಂಟು ಇಂಚು, ಕಾಕಾ.”

ಅವರು ಒಂದು ಕ್ಷಣ ಸುಮ್ಮನಿದ್ದರು. ಬೆರಳು ಮಡಚಲಿಲ್ಲ, ಕಾಗದ ಕೇಳಲಿಲ್ಲ. “ಹಂಗಾದ್ರ ನಾ ಇಪ್ಪತ್ತೆಂಟು ಅಡಿ ಆಚೆ ಕೂಡಬೇಕಲ್ಲೋ. ನಮ್ಮ ಅಂಗಳಾನ ಅಷ್ಟಿಲ್ಲ.”

ಆಮೇಲೆ ಮನೆಗೆ ಬಂದು ಲೆಕ್ಕ ಹಾಕಿದೆ. 42 ಇಂಚಿನ ಲೆನ್ಸಿಗೆ 48 ಇಂಚಿನ ಬೆಲ್ಲೋಸ್ ಎಂದರೆ ಅತಿ ಹತ್ತಿರದ ಬಿಂದು 336 ಇಂಚು. ಸರಿಯಾಗಿ 28 ಅಡಿ. ಹತ್ತಡಿಯಲ್ಲಿ ಕೂತವರನ್ನು ತೆಗೆಯಬೇಕಾದರೆ 65 ಇಂಚು ಎಳೆಯಬೇಕಿತ್ತು. ವಸ್ತುವಿದ್ದಷ್ಟೇ ದೊಡ್ಡ ಬಿಂಬ ಬೇಕಾದರೆ 84 ಇಂಚು, ಅಂದರೆ ಏಳು ಅಡಿ. ಅಷ್ಟು ಎಳೆಯುವ ಬೆಲ್ಲೋಸ್ ಆ ಛಾಪಖಾನೆಯ ಗೋಡೆಯಲ್ಲಿ ಇತ್ತು.

ಆ ಮಧ್ಯಾಹ್ನ ಪಟ ತೆಗೆಯಲಾಗಲಿಲ್ಲ. ಕಾಕಾ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟು, ಚಹಾ ತರಿಸಿ, ಅಂದು ನಾನು ಕೇಳಿಸಿಕೊಳ್ಳದ ಮಾತನ್ನು ಈಗ ಹೇಳಿದರು. “ದೂರದ್ದು ನೋಡಾಕ ಅಲ್ಲ ತಮ್ಮಾ ಅದು. ಮುಂದ ಹಚ್ಚಿದ ಕಾಗದಾನ ಇದ್ದಂಗ ಇಳಸಾಕ.” ಹಳಿಯ ಪಕ್ಕದ ಎರಡು ಉಕ್ಕಿನ ಪಟ್ಟಿಗಳು ಏನೆಂದು ಆಗ ತಿಳಿಯಿತು. ಒಂದು ಲೆನ್ಸಿನ ಚೌಕಟ್ಟಿಗೆ, ಇನ್ನೊಂದು ಬೋರ್ಡಿಗೆ. ಅಳತೆ ಅರ್ಧ ಬೇಕಾದರೆ ಎರಡನ್ನೂ 50ಕ್ಕೆ ತಂದು ನಿಲ್ಲಿಸುವುದು, ಇದ್ದಷ್ಟೇ ಬೇಕಾದರೆ 100ಕ್ಕೆ. ಗಾಜಿನ ಮೇಲೆ ಬಿಂಬ ನೋಡಿ ಹೊಂದಿಸುವ ಗೋಜೇ ಇಲ್ಲ. ಬಳೆಯ ಮೇಲೆ 42 ಎಂದು ಕೆತ್ತಿದ್ದರೂ ಪ್ರತಿ ಲೆನ್ಸಿನ ನಿಜವಾದ ಉದ್ದ ಅತ್ತಿತ್ತ ಒಂದಿಷ್ಟು ಬೇರೆ ಇರುತ್ತದೆ. ಆ ಪಟ್ಟಿಗಳ ಅಂಕಿಗಳನ್ನು ಈ ಒಂದು ಲೆನ್ಸಿನ ನಿಜವಾದ ಉದ್ದಕ್ಕೇ ಹೊಂದಿಸಿದ್ದರು. ಇನ್ನೊಂದು ಆರ್ಟಾರಿಗೆ ಅವು ಸುಳ್ಳು. ಈ ಆರ್ಟಾರಿಗೆ ಅವಿಲ್ಲದ ಮೇಲೆ ಪ್ರತಿ ಸಲ ಕತ್ತಲೆಯಲ್ಲಿ ತಡಕಾಟ.

ನಾನು ತಂದದ್ದು ಒಂದು ಉಪಕರಣದ ಕಾಲು ಭಾಗ. ಅಪರೂಪ ಎಂದು ಜಗತ್ತು ಬೆಲೆ ಕಟ್ಟಿದ್ದು ಆ ಕಾಲು ಭಾಗಕ್ಕೆ. ಉಳಿದ ಮುಕ್ಕಾಲಿಗೆ ಕಬ್ಬಿಣದ ಬೆಲೆ. ನಾನೂ ಅದೇ ತಕ್ಕಡಿಯಲ್ಲಿ ತೂಗಿದೆ. 42 ಇಂಚಿನ ಆರ್ಟಾರ್ ಇನ್ನೊಂದನ್ನು, ಹಣವಿದ್ದರೆ, ಎಲ್ಲಿಂದಲಾದರೂ ತರಿಸಬಹುದು. ತನ್ನ ಲೆನ್ಸಿಗೆ ಹೊಂದಿಸಿದ ಪಟ್ಟಿಗಳೊಡನೆ, ಗಾಳಿ ಎಳೆಯುವ ಬೆನ್ನಿನೊಡನೆ, ಅದನ್ನು ನಡೆಸಿದವರು ಇನ್ನೂ ಪಕ್ಕದಲ್ಲಿ ನಿಂತು ಮಾತಾಡುವ ಸ್ಥಿತಿಯಲ್ಲಿ ಒಂದು ಇಡೀ ಕ್ಯಾಮೆರಾ ನನಗೆ ಮತ್ತೆ ಸಿಗುವುದಿಲ್ಲ. ಮರುದಿನವೇ ಹೋಗಿ ವಿಚಾರಿಸಿದೆ. ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿ ಒಯ್ದು ತಿಂಗಳುಗಳಾಗಿದ್ದವು. ಗೋಡೆಯ ಕಿಂಡಿಗೆ ಇಟ್ಟಿಗೆ ತುಂಬಿದ್ದರು.

ದೊಡ್ಡ ಕ್ಯಾಮೆರಾಗಳ ಚರಿತ್ರೆಯನ್ನು ಆಮೇಲೆ ಬೇರೆ ಕಣ್ಣಿನಿಂದ ಓದಿದೆ. 1900ರಲ್ಲಿ ಶಿಕಾಗೋದ ಜಾರ್ಜ್ ಲಾರೆನ್ಸ್ ಒಂದು ರೈಲನ್ನು ಒಂದೇ ಫಲಕದಲ್ಲಿ ತೆಗೆಯಲೆಂದು ಕಟ್ಟಿಸಿದ ಕ್ಯಾಮೆರಾದ ಗಾಜುಫಲಕ ನಾಲ್ಕೂವರೆ ಅಡಿ ಅಗಲ, ಎಂಟಡಿ ಉದ್ದ. ಪಟ ಪ್ಯಾರಿಸ್ಸಿನ ಜಾಗತಿಕ ಪ್ರದರ್ಶನಕ್ಕೆ ಹೋಯಿತು. ಮೊದಲು ನಾನು ಅದರಲ್ಲಿ ಹುಡುಕಿದ್ದು ಲೆನ್ಸಿನ ವಿವರ: ಝೈಸ್, ಉದ್ದದ್ದರ ಫೋಕಲ್ ಲೆಂತ್ ಹತ್ತಡಿ. ಈಗ ಕಣ್ಣಿಗೆ ಬಿದ್ದದ್ದು ಆ ಕ್ಯಾಮೆರಾ ನಡೆಸಲು ಬೇಕಾಗಿದ್ದ ಹದಿನೈದು ಜನ. ಅವರಲ್ಲೊಬ್ಬ ಮುಂದಿನ ಬಾಗಿಲಿನಿಂದ ಕ್ಯಾಮೆರಾದ ಒಳಕ್ಕೆ ಹೋಗಿ ಕುಂಚದಿಂದ ಫಲಕದ ಮೇಲಿನ ಧೂಳು ಒರೆಸುತ್ತಿದ್ದ.

ನಮ್ಮಲ್ಲಿಯ ಉದಾಹರಣೆ ಇನ್ನೂ ಹತ್ತಿರದ್ದು. ಕಲ್ಕತ್ತದ ಉಪೇಂದ್ರಕಿಶೋರ್ ರಾಯ್‌ಚೌಧುರಿ, ಸತ್ಯಜಿತ್ ರಾಯ್ ಅವರ ಅಜ್ಜ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಿಂದ ಹಾಫ್‌ಟೋನ್ ಸಲಕರಣೆ ತರಿಸಿಕೊಂಡರು. ತರಿಸಿದ್ದನ್ನು ಪೂಜೆಗಿಡಲಿಲ್ಲ. ಲೆನ್ಸಿನ ತೆರಪಿನ ಆಕಾರ, ಸ್ಕ್ರೀನಿಗೂ ಫಲಕಕ್ಕೂ ನಡುವಿನ ಅಂತರ, ಇವುಗಳನ್ನು ತಾವೇ ಲೆಕ್ಕ ಹಾಕಿ ಲಂಡನ್ನಿನ ಪೆನ್‌ರೋಸ್ ವಾರ್ಷಿಕದಲ್ಲಿ ಲೇಖನಗಳನ್ನು ಬರೆದರು. ಅವರು ಯೋಚಿಸಿದ್ದು ಲೆನ್ಸು, ಸ್ಕ್ರೀನು, ಫಲಕ ಮೂರನ್ನೂ ಒಟ್ಟಿಗೆ. ಕಾಕಾ ಉಪೇಂದ್ರಕಿಶೋರರ ಹೆಸರು ಕೇಳಿದವರಲ್ಲ. ಆದರೆ ಅಂಗಳದಲ್ಲಿ ಕೂತು 28 ಅಡಿ ಎಂದ ಆ ಕ್ಷಣದಲ್ಲಿ ಅದೇ ವಿದ್ಯೆ ಮಾತಾಡಿತು ಎಂದು ನನಗೆ ಅನ್ನಿಸುತ್ತದೆ. ಕಾಕಾ ಅವರ ಆ ವಿದ್ಯೆಯನ್ನು ಯಾರೂ ಬರೆದಿಟ್ಟುಕೊಂಡಿಲ್ಲ.

ಈಗ ಪಡಸಾಲೆಯಲ್ಲಿ ಹಳಿ ಇದೆ. ಉಕ್ಕಿನದಲ್ಲ, ಮರದ್ದು. ಬೆಲ್ಲೋಸ್ ಏಳು ಅಡಿ ಎಳೆಯುತ್ತದೆ. ಎದುರಿಗೆ ಕಾಪಿ ಬೋರ್ಡು, ಅದಕ್ಕೂ ಲೆನ್ಸಿಗೂ ಏಳು ಅಡಿ. ಗುಡ್ಡ ಬಿಟ್ಟು ಈಗ ತೆಗೆಯುತ್ತಿರುವುದು ಕಸೂತಿಯನ್ನು. ನಮ್ಮ ಅವ್ವನ ಪೆಟ್ಟಿಗೆಯಲ್ಲಿದ್ದ ಕಪ್ಪು ಚಂದ್ರಕಾಳಿ ಸೀರೆಯಿಂದ ಶುರುಮಾಡಿದೆ. ಗೋಪುರ, ರಥ, ಆನೆ, ತುಳಸಿಕಟ್ಟೆ. ಗವಂತಿ ಮತ್ತು ಮುರಗಿ ಹೊಲಿಗೆಯ ಒಂದೊಂದು ಎಳೆಯೂ ಫಿಲ್ಮಿನ ಮೇಲೆ ಇದ್ದಷ್ಟೇ ದೊಡ್ಡದಾಗಿ ಇಳಿಯುತ್ತದೆ. ಕೆಂಪು ಕಾಣದ ಎಕ್ಸ್‌ರೇ ಫಿಲ್ಮಿನಿಂದ ಇಲ್ಲಿ ತೊಂದರೆ ಇಲ್ಲ, ಕಪ್ಪು ನೆಲದ ಮೇಲಿನ ಬಿಳಿ ನೂಲಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಕೆಂಪು ನೂಲಿದ್ದ ಕಡೆ ಮಾತ್ರ ನೆಲವೂ ನೂಲೂ ಒಂದೇ ಕಪ್ಪಾಗಿ ವಿನ್ಯಾಸ ಅಳಿಸಿಹೋಗುತ್ತದೆ, ಅದಕ್ಕೆ ಬೇರೆ ಫಿಲ್ಮ್ ಬೇಕು. ಬಿಂಬ ವಸ್ತುವಿನಷ್ಟೇ ಇದ್ದಾಗ ಬೆಳಕು ನಾಲ್ಕು ಪಟ್ಟು ಬೇಕು. ಬಳೆಯ ಮೇಲೆ ಎಫ್/22 ಎಂದಿದ್ದರೂ ಫಿಲ್ಮಿಗೆ ತಲುಪುವುದು ಎಫ್/44ರಷ್ಟೇ. ಬಟ್ಟೆ ಅಲುಗುವುದಿಲ್ಲ, ಪಡಸಾಲೆಯಲ್ಲಿ ಗಾಳಿ ಇಲ್ಲ, ನಿಮಿಷಗಟ್ಟಲೆ ತೆರೆದಿಟ್ಟರೂ ನಡೆಯುತ್ತದೆ. ಲೆನ್ಸಿನಲ್ಲಿ ದೋಷ ಯಾವತ್ತೂ ಇರಲಿಲ್ಲ. ದೋಷವಿದೆ ಎಂದು ಯಾರ ಮುಂದೆ ಹೇಳಿದ್ದೆನೋ ಅವರ ಮುಂದೆಲ್ಲ ಹೋಗಿ ಮಾತು ಹಿಂತೆಗೆದುಕೊಂಡಿದ್ದೇನೆ.

ಒಂದು ಸತ್ಯವನ್ನೂ ಹೇಳಬೇಕು. ಈ ಕೆಲಸಕ್ಕೆ 24 ಇಂಚಿನ ಆರ್ಟಾರ್ ಧಾರಾಳ ಸಾಕಾಗುತ್ತಿತ್ತು. ಅದು ಇಷ್ಟು ಅಪರೂಪವಲ್ಲ, ಬೆಲ್ಲೋಸೂ ನಾಲ್ಕಡಿಯಲ್ಲಿ ಮುಗಿಯುತ್ತಿತ್ತು. 42 ಇಂಚಿನಿಂದ ಸಿಗುವ ಲಾಭವೆಂದರೆ ದೀಪ ಇಡಲು ಜಾಗ, ಅಂಚಿನವರೆಗೂ ಒಂದೇ ಸಮನಾದ ಬೆಳಕು, ಅಷ್ಟೇ.

ಬಗೆಹರಿಯದೆ ಉಳಿದಿರುವುದು ಫಿಲ್ಮಿನ ಬೆನ್ನು. 14×17ರ ಹಾಳೆಯನ್ನು ನಿಲ್ಲಿಸಿದರೆ ನಡುವೆ ಉಬ್ಬುತ್ತದೆ, ಉಬ್ಬಿದ ಕಡೆ ಹೊಲಿಗೆ ಮಸುಕಾಗುತ್ತದೆ. ಕಾಕಾ ಹೇಳಿದಂತೆ ಪ್ಲೈವುಡ್ಡಿನ ಪೊಳ್ಳು ಪೆಟ್ಟಿಗೆ ಮಾಡಿ, ಮುಖಕ್ಕೆ ತೂತು ಕೊರೆದು, ಹಿಂದಿನಿಂದ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಜೋಡಿಸಿದ್ದೇನೆ. ಫಿಲ್ಮ್ ಅಂಟಿಕೊಳ್ಳುತ್ತದೆ, ಮೋಟಾರಿನ ನಡುಕ ಮಾತ್ರ ಕೊಳವೆಯಗುಂಟ ಬರುತ್ತದೆ. ಮೋಟಾರನ್ನು ಪಕ್ಕದ ಕೋಣೆಗೆ ಸಾಗಿಸಿ ಉದ್ದನೆಯ ಮೆತ್ತನೆ ಕೊಳವೆ ಹಾಕು, ನಡುವೆ ಒಂದು ಖಾಲಿ ಡಬ್ಬಿ ಕೂಡಿಸು, ಛಾಪಖಾನೆಯಲ್ಲಿ ಹಾಗೇ ಇತ್ತು ಎನ್ನುತ್ತಾರೆ ಕಾಕಾ. ಡಬ್ಬಿ ಎಷ್ಟು ದೊಡ್ಡದಿರಬೇಕು ಎಂದು ಕೇಳಲು ಈ ವಾರ ಅವರ ಮನೆಗೆ ಹೋಗಬೇಕಿದೆ. ಭಾವಚಿತ್ರಕ್ಕೆ 65 ಇಂಚು ಈಗ ಎಳೆಯುತ್ತದೆ, ಅದನ್ನೂ ಹೇಳಬೇಕು.